ಎರಡು ಜಿಯಾನ್ ಪ್ರೊಸೆಸರ್ ಹಾಕಿ ಮೆಷಿನ್ ಕಟ್ತಿದ್ದೇನೆ, 15,000 ಆರ್‌ಪಿಎಂ ಡಿಸ್ಕ್ ತಗೊಳ್ಳುದಾ ಬೇಡ್ವಾ?

ಡೊಂಬಿವಲಿ_ಪುಸ್ತಕ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಉಂಟು, ಆದ್ರೆ ಅರ್ಧ ಹೇಳಿ ಕೇಳಿದ್ರೆ ಉತ್ತರ ಕೊಡುವವರಿಗೇ ಕಷ್ಟ ಅಂತ ಪೂರ್ತಿ ಬರೀತಿದ್ದೇನೆ.

ನಮ್ಮ ಏರಿಯಾದ ಕನ್ನಡ ಸಂಘದ ಲೈಬ್ರರಿಯಲ್ಲಿ ಹಳೇ ಪುಸ್ತಕ ತುಂಬಾ ಉಂಟು. ಯಕ್ಷಗಾನ ಪ್ರಸಂಗ, ಹಳೇ ಮಾಸಪತ್ರಿಕೆಗಳ ಬೈಂಡ್ ಮಾಡಿದ ಸಂಪುಟ, ಊರಿಂದ ಹೋಟೆಲ್ ಕೆಲಸಕ್ಕೆ ಮುಂಬೈಗೆ ಬಂದವರು ಟ್ರಂಕಿನಲ್ಲಿ ಹಾಕಿ ತಂದದ್ದು. ಕಾಗದ ಕಂದು ಬಣ್ಣಕ್ಕೆ ತಿರುಗಿ ಮಡಚಿದ ಕಡೆ ಪುಡಿ ಆಗ್ತಿದೆ. ಲೇಖಕರು ತೀರಿಹೋಗಿ 60 ವರ್ಷ ದಾಟಿದ, ಕಾಪಿರೈಟ್ ಮುಗಿದ ಪುಸ್ತಕಗಳನ್ನು ಮಾತ್ರ ಆರಿಸಿ ನಾವು ನಾಲ್ಕೈದು ಜನ ಸೇರಿ ಸ್ಕ್ಯಾನ್ ಮಾಡ್ತಿದ್ದೇವೆ. 600 ಡಿಪಿಐ ಗ್ರೇಸ್ಕೇಲ್ ಟಿಫ್, ಒಂದು ಪುಟ ಸುಮಾರು 17 ಎಂಬಿ. ಆಮೇಲೆ ಪುಟ ನೇರ ಮಾಡಿ, ಅಂಚು ಕತ್ತರಿಸಿ, ಟೆಸೆರಾಕ್ಟ್ ಅನ್ನುವ ಪ್ರೋಗ್ರಾಮಿನಲ್ಲಿ ಕನ್ನಡ ಓಸಿಆರ್ (ಚಿತ್ರದಿಂದ ಅಕ್ಷರ ಗುರುತಿಸುದು) ಓಡಿಸಿ, ಹುಡುಕ್ಲಿಕ್ಕೆ ಆಗುವ ಹಾಗೆ ಪಿಡಿಎಫ್ ಮಾಡುದು.

ಸ್ಕ್ಯಾನಿಂಗ್ ಬೇಗ ಆಗ್ತದೆ, ಓಸಿಆರ್‌ನಲ್ಲೇ ಎಲ್ಲ ನಿಲ್ಲುದು. ನನ್ನ ಹತ್ರ ಇರುದು ಹಳೇ ನಾಲ್ಕು ಕೋರಿನ ಐ5, ಒಂದು 7200 ಆರ್‌ಪಿಎಂ (ನಿಮಿಷಕ್ಕೆ ತಿರುಗುವ ಸುತ್ತು) ಹಾರ್ಡ್ ಡಿಸ್ಕ್, ವಿಂಡೋಸ್ 10 ಹೋಮ್. ರಾತ್ರಿ ಓಡ್ಲಿಕ್ಕೆ ಬಿಟ್ಟು ಮಲಗಿದ್ರೆ ಬೆಳಿಗ್ಗೆ ಆಫೀಸಿಗೆ ಹೊರಡುವಾಗಲೂ ಮುಗಿದಿರುದಿಲ್ಲ. ಹಾಗಾಗಿ ಎರಡು ಪ್ರೊಸೆಸರಿನ ಮೆಷಿನ್ ಕಟ್ಟುವ ಅಂತ ಮನಸ್ಸು ಮಾಡಿದ್ದೇನೆ, ಸೆಕೆಂಡ್ ಹ್ಯಾಂಡ್ ಸರ್ವರ್ ಪಾರ್ಟ್ಸ್‌ನಲ್ಲಿ. ಮುಂಬೈಯ ಲ್ಯಾಮಿಂಗ್ಟನ್ ರೋಡ್‌ನ ಕಂಪ್ಯೂಟರ್ ಪೇಟೆಯಲ್ಲಿ ಒಬ್ರು ಎರಡು ಜಿಯಾನ್ ಇ5-2680 ವಿ4 (ಇಂಟೆಲ್‌ನ ಸರ್ವರ್ ಪ್ರೊಸೆಸರ್) ಕೊಡ್ತೇನೆ ಅಂದಿದ್ದಾರೆ, ಬೋರ್ಡೂ ಹುಡುಕಿ ಕೊಡ್ತಾರಂತೆ. ಅವ್ರೇ ಜೊತೆಗೆ 600 ಜಿಬಿಯ 15,000 ಆರ್‌ಪಿಎಂ ಎಸ್‌ಎಎಸ್ (ಸರ್ವರಿಂದು) ಡಿಸ್ಕ್ ನಾಲ್ಕು ಮತ್ತೆ ರೇಡ್ ಕಾರ್ಡ್ ಕೂಡ ತಗೊಳ್ಳಿ, ರೇಡ್ 0 ಮಾಡಿ (ನಾಲ್ಕನ್ನೂ ಸೇರಿಸಿ ಒಂದೇ ಡಿಸ್ಕ್ ಹಾಗೆ), ಇದಕ್ಕಿಂತ ಫಾಸ್ಟ್ ಹಾರ್ಡ್ ಡಿಸ್ಕ್ ಇಲ್ಲ ಅಂತ ಹೇಳ್ತಿದ್ದಾರೆ. ರೇಟೂ ಕಡಿಮೆ.

ನಂಗೆ ಕೇಳ್ಲಿಕ್ಕಿರುದು ಇಷ್ಟು. ಆ 15,000 ಆರ್‌ಪಿಎಂ ಡಿಸ್ಕ್ ತಗೊಳ್ಳುದಾ, ಅಲ್ಲ ಎನ್‌ವಿಎಂಇ (ತಿರುಗುವ ಭಾಗ ಇಲ್ಲದ, ಚಿಪ್ಪಿನ ವೇಗದ ಎಸ್‌ಎಸ್‌ಡಿ) ಹಾಕುದಾ, ಅಲ್ಲ ದೊಡ್ಡ 7200ರ ಡಿಸ್ಕೇ ಸಾಕಾ? ಎರಡು ಪ್ರೊಸೆಸರ್ ಹಾಕಿದ್ರೆ ನಿಜವಾಗಿ ಪ್ರಯೋಜನ ಉಂಟಾ? ಫ್ಲ್ಯಾಟ್ ಒಂದು ಬೆಡ್‌ರೂಮಿಂದು, ಮೆಷಿನ್ ಹಾಲ್‌ನಲ್ಲೇ ಇಡ್ಬೇಕು, ಅಮ್ಮ ಅಲ್ಲೇ ಮಲಗುದು, ಹಾಗಾಗಿ ಶಬ್ದದ ಬಗ್ಗೆಯೂ ಸ್ವಲ್ಪ ಹೇಳಿ.

ಐರೋಲಿ_ರ‍್ಯಾಕ್:

ಒಳ್ಳೇ ಕೆಲಸ ಮಾಡ್ತಿದ್ದೀರ ಸರ್, ಮೊದಲು ಅದಕ್ಕೆ ನಮಸ್ಕಾರ. ನಾನು ಐರೋಲಿ ಕಡೆ ಸರ್ವರ್ ಕೆಲಸದಲ್ಲಿರೋನು, ಈ 15ಕೆ ಡಿಸ್ಕ್‌ಗಳ ಜೊತೆ ತುಂಬಾ ವರ್ಷ ಕಳೆದಿದ್ದೀನಿ, ಅದರ ಆಧಾರದ ಮೇಲೆ ಹೇಳ್ತೀನಿ: ತಗೋಬೇಡಿ. ಯಾಕೆ ಅಂತ ಲೆಕ್ಕ ಹಾಕಿ ತೋರಿಸ್ತೀನಿ, ಬರೀ ಅಭಿಪ್ರಾಯ ಹೇಳಿ ಹೋದ್ರೆ ಅಂಗಡಿಯವರ ಮಾತಿಗೂ ನನ್ನ ಮಾತಿಗೂ ವ್ಯತ್ಯಾಸ ಇರಲ್ಲ.

ಡಿಸ್ಕ್ ಫಾಸ್ಟ್ ಅನ್ನೋದ್ರಲ್ಲಿ ಎರಡು ಬೇರೆ ಬೇರೆ ವಿಷಯ ಸೇರ್ಕೊಂಡಿದೆ. ಒಂದು, ಸಾಲಾಗಿ ಓದಿದ್ರೆ ಸೆಕೆಂಡಿಗೆ ಎಷ್ಟು ಎಂಬಿ ಕೊಡುತ್ತೆ. ಇನ್ನೊಂದು, ಬೇರೆ ಬೇರೆ ಜಾಗದಿಂದ ಕೇಳಿದ್ರೆ ಸೆಕೆಂಡಿಗೆ ಎಷ್ಟು ಸಲ ಉತ್ತರ ಕೊಡುತ್ತೆ. ಎರಡು ಪ್ರೊಸೆಸರಿನ ಮೆಷಿನ್‌ನಲ್ಲಿ ಹೊಡೆತ ಬೀಳೋದು ಎರಡನೇದರಲ್ಲಿ. ಯಾಕಂದ್ರೆ 28 ಕೋರ್ 28 ಪುಟಗಳನ್ನ ಒಟ್ಟಿಗೆ ತೆಗೀತಾವೆ.

7200 ಆರ್‌ಪಿಎಂ ಡಿಸ್ಕ್ ಒಂದು ಸುತ್ತು ಬರೋಕೆ 8.33 ಮಿಲಿಸೆಕೆಂಡ್. ಬೇಕಾದ ಸೆಕ್ಟರ್ (ಡೇಟಾ ಇರೋ ತುಂಡು) ಓದೋ ಹೆಡ್ ಕೆಳಗೆ ಬರೋಕೆ ಸರಾಸರಿ ಅರ್ಧ ಸುತ್ತು, ಅಂದ್ರೆ 4.17. ಅದಕ್ಕೆ ಮೊದಲು ಹೆಡ್ ಆ ಟ್ರ್ಯಾಕ್‌ಗೆ ಹೋಗೋಕೆ ಸುಮಾರು 8-9. ಒಟ್ಟು 12.5 ಚಿಲ್ಲರೆ, ಅಂದ್ರೆ ಸೆಕೆಂಡಿಗೆ 80 ಜಿಗಿತ. 15,000ದ ಡಿಸ್ಕ್‌ಗೆ ಅರ್ಧ ಸುತ್ತು 2 ಮಿಲಿಸೆಕೆಂಡ್, ಹೆಡ್ ಹೋಗೋಕೆ ಸುಮಾರು 3.5, ಸೆಕೆಂಡಿಗೆ 180 ಜಿಗಿತ. ಲಿನಕ್ಸ್ ಒಂದು ಸಲಕ್ಕೆ ಮುಂದಿನ 128 ಕೆಬಿ ಓದಿಟ್ಕೊಳ್ಳುತ್ತೆ ಅಂತ ಹಿಡಿದು, ಪ್ರತಿ ಸಲವೂ ಹೆಡ್ ಬೇರೆ ಪುಟಕ್ಕೆ ಹಾರ್ತಾ ಇದೆ ಅನ್ನೋ ಕೆಟ್ಟ ಸ್ಥಿತಿ ತಗೊಳ್ಳಿ. 7200ರಲ್ಲಿ ಸೆಕೆಂಡಿಗೆ 10 ಎಂಬಿ ಬರುತ್ತೆ, 15,000ದಲ್ಲಿ 22 ಎಂಬಿ. ಅಷ್ಟೇ ವ್ಯತ್ಯಾಸ. ನಾಲ್ಕು ಡಿಸ್ಕ್ ರೇಡ್ 0 ಮಾಡಿದ್ರೆ ಕೆಲಸ ಹಂಚಿಕೆ ಆಗಿ ಒಟ್ಟು ಹೆಚ್ಚಾಗುತ್ತೆ ನಿಜ, ಆದರೆ ಒಂದೊಂದು ಕೇಳಿಕೆಗೆ ಹೆಡ್ ಹೋಗಿ ಡಿಸ್ಕ್ ತಿರುಗೋ ಸಮಯ ಒಂಚೂರೂ ಕಡಿಮೆ ಆಗಲ್ಲ, ಮತ್ತೆ ನಾಲ್ಕರಲ್ಲಿ ಒಂದು ಸತ್ತರೂ ನಿಮ್ಮ ಎಲ್ಲ ಪುಟ ಹೋಯ್ತು. ಪುಡಿಯಾಗ್ತಿರೋ ಪುಸ್ತಕವನ್ನ ಎರಡನೇ ಸಲ ಸ್ಕ್ಯಾನರ್ ಮೇಲೆ ಇಡೋಕಾಗುತ್ತಾ ಹೇಳಿ.

ಈಗ ಎಸ್‌ಎಸ್‌ಡಿ. ಅದರಲ್ಲಿ ಹೆಡ್ಡೇ ಇಲ್ಲ, ಎಲ್ಲಿಗೆ ಹಾರಿದರೂ ಸಮಯ ಮೈಕ್ರೋಸೆಕೆಂಡ್ ಲೆಕ್ಕದಲ್ಲಿ. ಸಾಟಾ (ಮಾಮೂಲಿ ಡಿಸ್ಕ್ ಕೇಬಲ್) ಎಸ್‌ಎಸ್‌ಡಿ 550 ಎಂಬಿ ತನಕ ಕೊಡುತ್ತೆ, ನಿಮ್ಮ ಪ್ರೊಸೆಸರಿನ ಪಿಸಿಐಇ 3.0 (ಕಾರ್ಡ್ ಸ್ಲಾಟಿನ ದಾರಿ) ನಾಲ್ಕು ಲೇನ್‌ನಲ್ಲಿ ಎನ್‌ವಿಎಂಇ 3,500 ಎಂಬಿ ತನಕ. ಇನ್ನೊಂದು ಮಾತು, ಇದು ಡ್ಯುಯಲ್ ಕಟ್ಟೋರು ಗಮನಿಸಲೇಬೇಕಾದ್ದು. ಸಾಟಾದ ಎಎಚ್‌ಸಿಐ ಅನ್ನೋ ನಿಯಮದಲ್ಲಿ ಒಂದು ಡಿಸ್ಕ್‌ಗೆ ಒಂದೇ ಕ್ಯೂ, ಅದರಲ್ಲಿ 32 ಕಮಾಂಡ್. ಎನ್‌ವಿಎಂಇ ಸ್ಪೆಸಿಫಿಕೇಷನ್‌ನಲ್ಲಿ 64 ಸಾವಿರದಷ್ಟು ಕ್ಯೂಗೆ ಅವಕಾಶ ಇದೆ, ಡ್ರೈವ್ ಎಷ್ಟು ಕೊಡುತ್ತೋ ಅಷ್ಟನ್ನ ಲಿನಕ್ಸ್ ಕೋರ್‌ಗಳಿಗೆ ಹಂಚುತ್ತೆ. ಡೊಂಬಿವಲಿ ಸ್ಟೇಷನ್‌ನಲ್ಲಿ ಬೆಳಿಗ್ಗೆ ಇಡೀ ಊರು ಒಂದೇ ಟಿಕೆಟ್ ಕಿಟಕಿ ಮುಂದೆ ನಿಂತಿದ್ದಕ್ಕೂ ಪ್ರತಿಯೊಬ್ಬರಿಗೂ ಒಂದೊಂದು ಕಿಟಕಿ ತೆಗೆದಿದ್ದಕ್ಕೂ ಇರೋ ವ್ಯತ್ಯಾಸ ಅದು.

ಆದರೆ ಸರ್, ಇಷ್ಟೆಲ್ಲ ಹೇಳಿ ಮುಖ್ಯವಾದ್ದು ಇನ್ನೂ ಹೇಳಿಲ್ಲ. ನಿಮ್ಮ ಕೆಲಸಕ್ಕೆ ಎಷ್ಟು ಬೇಕು ಅಂತ ನೋಡೋಣ. ಒಂದು ಪುಟಕ್ಕೆ ಒಂದು ಕೋರ್ 5 ಸೆಕೆಂಡ್ ತಗೊಳ್ಳುತ್ತೆ ಅಂತಿಟ್ಕೊಳ್ಳಿ (ನಿಮ್ಮ ಪುಟ ಹಾಕಿ ಅಳೆದು ನೋಡಿ, ನಾನು ಅಂದಾಜು ಹಿಡಿದಿದ್ದೀನಿ). 28 ಕೋರ್‌ಗೆ ಸೆಕೆಂಡಿಗೆ ಐದೂವರೆ ಪುಟ, 17 ಎಂಬಿಯಂತೆ ಸುಮಾರು 95 ಎಂಬಿ. ಒಂದು ಸಾಮಾನ್ಯ ದೊಡ್ಡ 7200 ಡಿಸ್ಕ್ ಸಾಲಾಗಿ ಓದಿದ್ರೆ 200 ಎಂಬಿ ಹತ್ರ ಕೊಡುತ್ತೆ! ಅಂದ್ರೆ ಡಿಸ್ಕ್ ಸಾಲಲ್ಲ ಅಂತಲ್ಲ, 28 ಜನ 28 ಕಡೆ ಎಳೆದ್ರೆ ಮಾತ್ರ ಸಾಲಲ್ಲ. 300 ಪುಟದ ಪುಸ್ತಕ 5 ಜಿಬಿ ಚಿಲ್ಲರೆ. ಅದನ್ನ ಒಂದೇ ಕಾಪಿ ಕಮಾಂಡ್‌ನಲ್ಲಿ ಸಾಲಾಗಿ ಎತ್ತಿ ರ‍್ಯಾಮ್‌ನ ಟೆಂಪ್‌ಎಫ್‌ಎಸ್‌ಗೋ (ರ‍್ಯಾಮ್‌ನಲ್ಲೇ ಮಾಡೋ ತಾತ್ಕಾಲಿಕ ಡಿಸ್ಕ್) ಎನ್‌ವಿಎಂಇಗೋ ಹಾಕಿದ್ರೆ 25 ಸೆಕೆಂಡ್. ಓಸಿಆರ್‌ಗೆ 54 ಸೆಕೆಂಡ್ ಬೇಕು. ಒಂದು ಪುಸ್ತಕ ಓಸಿಆರ್ ಆಗ್ತಿರುವಾಗ ಮುಂದಿನದ್ದು ಬಂದು ಕೂತಿರುತ್ತೆ.

ಹಾಗಾಗಿ ನನ್ನ ಸಲಹೆ: ಕೆಲಸದ ಜಾಗಕ್ಕೆ 1 ಟಿಬಿ ಎನ್‌ವಿಎಂಇ, ಟಿಎಲ್‌ಸಿ (ಒಂದು ಸೆಲ್‌ನಲ್ಲಿ 3 ಬಿಟ್) ಇರೋದು, ಕ್ಯೂಎಲ್‌ಸಿ (4 ಬಿಟ್) ಬೇಡ, ಅದು ಕ್ಯಾಶ್ ತುಂಬಿದ ಮೇಲೆ ಬರೆಯೋ ವೇಗ ತುಂಬಾ ಕೆಳಗೆ ಬೀಳುತ್ತೆ. ಇಟ್ಟುಕೊಳ್ಳೋಕೆ ಎರಡು ದೊಡ್ಡ 7200 ಡಿಸ್ಕ್ ಮಿರರ್ (ಎರಡರಲ್ಲೂ ಒಂದೇ ಪ್ರತಿ), ಸಿಎಂಆರ್ (ಟ್ರ್ಯಾಕ್ ಒಂದರ ಮೇಲೊಂದು ಬೀಳದ ಡಿಸ್ಕ್) ಅಂತ ಸ್ಪೆಕ್‌ನಲ್ಲಿ ಬರೆದಿರೋದೇ ನೋಡಿ ತಗೊಳ್ಳಿ. 15ಕೆ ಡಿಸ್ಕ್ ಹಾಲ್‌ನಲ್ಲಿ ಇಟ್ಟು ತಾಯಿಯವರು ನಿದ್ದೆ ಮಾಡೋಕಾಗಲ್ಲ, ಅದು ಸಣ್ಣಗೆ ಕಿವಿಗೆ ಚುಚ್ಚೋ ಶಬ್ದ, ಬಿಸಿಯೂ ಜಾಸ್ತಿ, ನೇರ ಫ್ಯಾನ್ ಗಾಳಿ ಬೇಕೇ ಬೇಕು.

ಪುಣೆ_ಧಾರವಾಡ:

ಐರೋಲಿಯವರು ಭಾಳ ಚೊಲೋ ಹೇಳ್ಯಾರ. ನಾ ಬೋರ್ಡ್ ಮತ್ತ ಪ್ರೊಸೆಸರ್ ಕಡೆಯಿಂದ ಹೇಳ್ತೀನ್ರಿ, ಡ್ಯುಯಲ್ ಹುಚ್ಚು ನನಗ 1999ರಿಂದ ಅದ.

ಆಗ ಅಬಿಟ್ ಕಂಪನಿ ಬಿಪಿ6 ಅನ್ನೋ ಬೋರ್ಡ್ ಬಿಟ್ಟಿತ್ತು. ಇಂಟೆಲ್‌ನವರು ಸೆಲೆರಾನ್ (ಅವರ ಸಸ್ತಾ ಪ್ರೊಸೆಸರ್) ಎರಡು ಹಾಕಬಾರದು ಅಂತಿದ್ರು, ದೊಡ್ಡವರಿಗೆ ಪೆಂಟಿಯಂ 2 ಮಾರೋದಿತ್ತಲ್ಲ. ಈ ಬೋರ್ಡ್‌ನ್ಯಾಗ ಚಿಪ್ ಮುಟ್ಟಲಾರದ ಎರಡು ಸಾಕೆಟ್ 370 ಸೆಲೆರಾನ್ ಕೂಡತಿದ್ವು. 366 ಮೆಗಾಹರ್ಟ್ಸ್‌ನ ಜೋಡಿ ತಂದು ಬಸ್ 66ರಿಂದ 100ಕ್ಕ ಏರಿಸಿದ್ರ 550 ಆಗ್ತಿತ್ತು, ಪುಣೆದಾಗ ನಮ್ಮಂಥ ಹುಡುಗರಿಗೆ ವರ್ಕ್‌ಸ್ಟೇಷನ್ ಕೈಗೆ ಸಿಕ್ಕಿದ್ದು ಆವಾಗನ. ವಿಂಡೋಸ್ 98ಕ್ಕ ಎರಡನೇ ಪ್ರೊಸೆಸರ್ ಕಾಣತಿದ್ದಿಲ್ಲ, ಎನ್‌ಟಿ 4 ಇಲ್ಲಾ ವಿಂಡೋಸ್ 2000 ಬೇಕಾಗ್ತಿತ್ತು, ಇಲ್ಲಾಂದ್ರ ಲಿನಕ್ಸ್. ಮತ್ತ ಆಗಲೂ ಇದ ಚರ್ಚೆ ನಡೀತಿತ್ರಿ, ಪ್ರೊಸೆಸರ್ ಎರಡು ಹಾಕಿ ಐಡಿಇ (ಆಗಿನ ಮನಿ ಕಂಪ್ಯೂಟರಿನ) ಡಿಸ್ಕ್ ಹಚ್ಚಿದ್ರ ಎರಡೂ ಕೂಡಿ ಒಂದ ಡಿಸ್ಕ್ ದಾರಿ ಕಾಯ್ತಾವ ಅಂತ. ಆಗಿನ ಐಡಿಇ ಡಿಸ್ಕ್ ಒಂದು ಸಲಕ್ಕ ಒಂದ ಕಮಾಂಡ್ ತಗೋತಿದ್ವು. ಸ್ಕಝಿ (ಸರ್ವರಿಗೆ ಬಳಸೋ ಬ್ಯಾರೆ ಥರದ) ಡಿಸ್ಕ್‌ಗೆ ಮಾತ್ರ ಹತ್ತಾರು ಕಮಾಂಡ್ ಒಮ್ಮೆಲೆ ಕೊಟ್ರ ಅದು ತನಗ ಅನುಕೂಲ ಆಗೋಹಂಗ ಕ್ರಮ ಬದಲಿಸಿ ಮುಗಸ್ತಿತ್ತು. ಅದಕ್ಕ ಡ್ಯುಯಲ್ ಕಟ್ಟೋರೆಲ್ಲ ಸ್ಕಝಿ ಸ್ಕಝಿ ಅಂತಿದ್ರು. 1996ರಾಗ ಸೀಗೇಟ್ ಚೀತಾ 10,000 ಆರ್‌ಪಿಎಂ ಬಂತು, 2000ದಾಗ ಚೀತಾ ಎಕ್ಸ್15 ಅಂತ 15,000ದ್ದು. 2003ರಾಗ ವೆಸ್ಟರ್ನ್ ಡಿಜಿಟಲ್ 36 ಜಿಬಿ ರ‍್ಯಾಪ್ಟರ್ ಬಿಟ್ಟಿತು, 10,000 ಆರ್‌ಪಿಎಂ ಸಾಟಾದಾಗ, ಸ್ಕಝಿ ಕಾರ್ಡ್ ಇಲ್ಲದ ಮನಿಗೆ ಆ ವೇಗ ಬಂದದ್ದು ಅವತ್ತ. ಆ ಡಿಸ್ಕ್‌ಗಳ ಮ್ಯಾಲ ನನಗ ಇವತ್ತಿಗೂ ಪ್ರೀತಿ ಅದ, ಅವುಗಳ ಕಾಲದಾಗ ಅವು ಮಾಡಿದ ಕೆಲಸ ಬ್ಯಾರೆ ಯಾವುದಕ್ಕೂ ಆಗ್ತಿದ್ದಿಲ್ಲ. ಆದ್ರ ನಿಮ್ಮ ಪುಸ್ತಕದ ಕೆಲಸಕ್ಕ ಬ್ಯಾಡ.

ಈಗ ನಿಮ್ಮ ಮೆಷಿನ್.

2680 ವಿ4 ಒಳ್ಳೆ ಆಯ್ಕೆ. 14 ಕೋರ್, 120 ವಾಟ್, ಎರಡಕ್ಕ ಕೂಡಿ 56 ಥ್ರೆಡ್ (ಒಂದು ಕೋರಿಗೆ ಎರಡು). 22 ಕೋರಿನ 2699 ವಿ4 ಹಿಂದ ಬೀಳಬ್ಯಾಡ್ರಿ, ಎರಡು ಹಾಕಿದ್ರ 88 ಥ್ರೆಡ್ ಆಗ್ತಾವ, ವಿಂಡೋಸ್ 64ರ ಮ್ಯಾಲ ಹೋದ್ರ ಪ್ರೊಸೆಸರ್ ಗ್ರೂಪ್ ಅಂತ ಎರಡು ಪಾಲು ಮಾಡ್ತದ, ಹಳೇ ಪ್ರೋಗ್ರಾಮಿಗೆ ಅರ್ಧ ಕೋರ್ ಕಾಣೋದಿಲ್ಲ. ಯಾರರ ಸಸ್ತಾ ಐತಿ ಅಂತ ವಿ2 (ಹಳೇ ತಲೆಮಾರಿಂದು) ತೋರಿಸಿದ್ರ ಒಲ್ಲೆ ಅನ್ರಿ. ವಿ3ರಿಂದ ಎವಿಎಕ್ಸ್2 (ಒಮ್ಮೆಲೆ ಭಾಳ ಲೆಕ್ಕ ಮಾಡೋ ಸೌಲಭ್ಯ) ಅದ, ಟೆಸೆರಾಕ್ಟ್‌ನ ಲೆಕ್ಕ ಅದನ್ನ ಉಪಯೋಗ ಮಾಡ್ತದ, ವಿ2ದಾಗ ಅದು ಇಲ್ಲ. ಇ5-1600 ಸೀರೀಸ್ ಅಂತೂ ಎರಡು ಸಾಕೆಟ್‌ನ್ಯಾಗ ನಡೆಯಂಗೇ ಇಲ್ಲ. ಪ್ರೊಸೆಸರಿನ ಮುಚ್ಚಳದ ಮ್ಯಾಲ ಎಸ್‌ಆರ್ ಅಂತ ಶುರು ಆಗೋ ನಂಬರ್ ಇರಬೇಕು, ಎರಡರದೂ ಒಂದ ಇರಬೇಕು. ಇಂಟೆಲ್ ಕಾನ್ಫಿಡೆನ್ಶಿಯಲ್ ಅಂತ ಬರದಿದ್ರ ಅದು ಎಂಜಿನಿಯರಿಂಗ್ ಸ್ಯಾಂಪಲ್, ಮುಟ್ಟಬ್ಯಾಡ್ರಿ.

ರ‍್ಯಾಮ್ ವಿಷಯಕ್ಕ ಜನ ಲಕ್ಷ್ಯ ಕೊಡೋದಿಲ್ಲ, ಕೊಡಬೇಕು. ಒಂದೊಂದು ಪ್ರೊಸೆಸರಿಗೆ ನಾಲ್ಕು ಚಾನೆಲ್, ಅಂದ್ರ ಎಂಟು ಸ್ಟಿಕ್ ಹಾಕ್ರಿ, ಆ ಕಡೆ ನಾಲ್ಕು ಈ ಕಡೆ ನಾಲ್ಕು. 16 ಜಿಬಿಯ ಎಂಟು ಹಾಕಿದ್ರ 128 ಜಿಬಿ. ಎಲ್ಲಾ ಒಂದ ಕಡೆ ಚುಚ್ಚಿದ್ರ ಇನ್ನೊಂದು ಪ್ರೊಸೆಸರ್ ಪ್ರತಿ ಸಲ ಕ್ಯೂಪಿಐ (ಎರಡೂ ಪ್ರೊಸೆಸರ್ ನಡುವಿನ ದಾರಿ) ದಾಟಿ ಬಂದು ಕೇಳಬೇಕಾಗ್ತದ, ಎರಡು ಹಾಕಿದ ಉಪಯೋಗನ ಕಮ್ಮಿ ಆಗ್ತದ. ರಿಜಿಸ್ಟರ್ಡ್ (ಸರ್ವರಿನ) ಸ್ಟಿಕ್ ಮತ್ತ ಸಾದಾ ಸ್ಟಿಕ್ ಕೂಡಿಸಬ್ಯಾಡ್ರಿ, ಬೂಟ್ ಆಗಂಗಿಲ್ಲ.

ಬೋರ್ಡ್ ಅಂದ್ರ, ಸಾಧ್ಯ ಆದ್ರ ಕಂಪನಿಗಳು ಲೀಸ್ ಮುಗಿಸಿ ಬಿಟ್ಟ ಪೂರ್ತಿ ವರ್ಕ್‌ಸ್ಟೇಷನ್ ನೋಡ್ರಿ, ಎಚ್‌ಪಿ ಝಡ್840 ಥರದ್ದು. ಪವರ್ ಸಪ್ಲೈ, ಕೂಲರ್, ಕ್ಯಾಬಿನೆಟ್ ಎಲ್ಲಾ ಹೊಂದಿಕಿ ಇರ್ತದ, ಸದ್ದೂ ಕಮ್ಮಿ. ಬಿಡಿ ಬೋರ್ಡೇ ಬೇಕಂದ್ರ ಸಿ612 ಚಿಪ್‌ಸೆಟ್ ಇರೋದು ತಗೋರಿ, ಹೆಸರಿಗೆ ಎಕ್ಸ್99 ಅಂತ ಬರದು ಒಳಗ ಬ್ಯಾರೆ ಹಳೇ ಚಿಪ್‌ಸೆಟ್ ಹಾಕಿದ ಬೋರ್ಡ್ ಮಾರ್ಕೆಟ್ ತುಂಬ ಅದಾವ. ಪವರ್ ಸಪ್ಲೈಗೆ 8 ಪಿನ್ನಿನ ಸಿಪಿಯು ಕೇಬಲ್ ಎರಡು ಇರಬೇಕು. ಕೂಲರ್ ತರೋಕಿಂತ ಮೊದಲ ಸಾಕೆಟ್‌ನ ಚೌಕಟ್ಟು ಚೌಕ ಐತೋ ಉದ್ದ ಐತೋ ನೋಡ್ರಿ, ಎರಡಕ್ಕೂ ಕೂಲರ್ ಬ್ಯಾರೆ. ಕ್ಯಾಬಿನೆಟ್ ಇ-ಎಟಿಎಕ್ಸ್ (ದೊಡ್ಡ ಸೈಜಿನ) ಬೋರ್ಡ್ ಹಿಡಿಸೋದು ಬೇಕು.

ಮತ್ತ ವಿಂಡೋಸ್ 10 ಹೋಮ್ ಎರಡನೇ ಸಾಕೆಟ್ ನೋಡಂಗೇ ಇಲ್ರಿ, ಪ್ರೊ ಬೇಕು. ಅದರ ಸಪೋರ್ಟೂ 2025ರ ಅಕ್ಟೋಬರ್ 14ಕ್ಕ ಮುಗೀತು, ವಿಂಡೋಸ್ 11ರ ಪಟ್ಟಿಯೊಳಗ ಈ ಜಿಯಾನ್ ಇಲ್ಲ. ನಿಮ್ಮ ಕೆಲಸ ಎಲ್ಲಾ ಲಿನಕ್ಸ್‌ನ್ಯಾಗ ಆಗ್ತದ, ಚಲೋನೂ ಆಗ್ತದ, ಸೀದಾ ಅದಕ್ಕ ಹೋಗ್ರಿ.

ಠಾಣೆ_ವೆಸ್ಟ್:

ಎಲ್ಲರಿಗಿಂತ ಬೇರೆ ಮಾತು ಹೇಳ್ತಿದ್ದೀನಿ, ಬೇಜಾರು ಮಾಡ್ಕೋಬೇಡಿ. ಇವತ್ತಿನ ದಿನ ಹತ್ತು ವರ್ಷ ಹಳೇ ಸರ್ವರ್ ಯಾಕೆ? ರೈಝನ್ 9 5950ಎಕ್ಸ್ ಒಂದು ಹಾಕಿ, 16 ಕೋರ್, 105 ವಾಟ್, ಪ್ರತಿ ಕೋರ್ ಆ ಜಿಯಾನ್‌ಗಿಂತ ಎಷ್ಟೋ ಫಾಸ್ಟ್, ಸಾಮಾನ್ಯ ಬೋರ್ಡ್, ಸಾಮಾನ್ಯ ಕ್ಯಾಬಿನೆಟ್, ನೂಮಾ (ರ‍್ಯಾಮ್ ಎರಡು ಪ್ರೊಸೆಸರಿಗೆ ಹಂಚಿಹೋಗೋದು) ತಲೆನೋವಿಲ್ಲ, ಕರೆಂಟ್ ಬಿಲ್ ಕಡಿಮೆ. ಎರಡು ಜಿಯಾನ್ ಫುಲ್ ಲೋಡ್‌ನಲ್ಲಿ ಗೋಡೆಯಿಂದ 350-400 ವಾಟ್ ಎಳೆದರೆ ರಾತ್ರಿ 10 ಗಂಟೆಗೆ 4 ಯೂನಿಟ್, ತಿಂಗಳಿಗೆ 120. ಮಹಾರಾಷ್ಟ್ರದಲ್ಲಿ ಸ್ಲ್ಯಾಬ್ ದಾಟಿದರೆ ಯೂನಿಟ್ ರೇಟ್ ಹೇಗೆ ಏರುತ್ತೆ ಅಂತ ಎಲ್ಲರಿಗೂ ಗೊತ್ತು. ಇದು ವರ್ಷಾನುಗಟ್ಟಲೆ ನಡೆಯೋ ಕೆಲಸ ಆದ್ರೆ ಆ ಲೆಕ್ಕವನ್ನೂ ಹಾಕಿ.

ಐರೋಲಿ_ರ‍್ಯಾಕ್:

ಠಾಣೆಯವರ ಮಾತು ಸರಿ ಇದೆ, ಅದನ್ನ ತಳ್ಳಿಹಾಕೋ ಹಾಗಿಲ್ಲ. ಹೊಸದಾಗಿ ದುಡ್ಡು ಹಾಕ್ತೀನಿ ಅನ್ನೋರಿಗೆ ನಾನೂ ಅದನ್ನೇ ಹೇಳ್ತೀನಿ. ಜಿಯಾನ್ ಜೋಡಿ ಗೆಲ್ಲೋದು ಎರಡು ಕಡೆ. 128 ಜಿಬಿ ರ‍್ಯಾಮ್ ಅದರಲ್ಲಿ ಎಂಟು ಚಾನೆಲ್‌ನಲ್ಲಿ ಹಂಚಿಕೊಂಡಿರುತ್ತೆ, ರೈಝನ್‌ನಲ್ಲಿ ಎರಡೇ ಚಾನೆಲ್. ಇನ್ನೊಂದು ಪಿಸಿಐಇ, ಒಂದೊಂದು ಜಿಯಾನ್‌ಗೆ 40 ಲೇನ್, ಎರಡಕ್ಕೆ 80. ಎನ್‌ವಿಎಂಇ ನಾಲ್ಕು ಬೇಕಾದ್ರೂ ಹಾಕಿ ಜಾಗ ಉಳಿಯುತ್ತೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಕೈಗೆಟಕಿದ್ರೆ, ದಿನಾ ಅಲ್ಲದೆ ವಾರಕ್ಕೆ ಕೆಲವು ರಾತ್ರಿ ಓಡಿಸೋದಾದ್ರೆ ಜಿಯಾನ್ ಪರವಾಗಿಲ್ಲ. ಎರಡಕ್ಕೂ ಡಿಸ್ಕ್ ಬಗ್ಗೆ ಹೇಳಿದ್ದು ಹಾಗೇ ಅನ್ವಯ ಆಗುತ್ತೆ.

ಡೊಂಬಿವಲಿ ಸರ್, ಏನೂ ಕೊಳ್ಳೋ ಮೊದಲು ಈಗಿರೋ ಐ5ನಲ್ಲೇ ಒಂದು ಪೆನ್‌ಡ್ರೈವ್ ಲಿನಕ್ಸ್ ಹಾಕಿ ಒಂದು ಪುಸ್ತಕ ಓಡಿಸಿ ನೋಡಿ. ಪಕ್ಕದ ಟರ್ಮಿನಲ್‌ನಲ್ಲಿ ಡಿಸ್ಕ್ ಅಳೆಯೋ ಐಓಸ್ಟ್ಯಾಟ್ ಕಮಾಂಡ್ ಬಿಟ್ಟುಕೊಂಡು ಡಿಸ್ಕ್‌ನ ಕಾಯೋ ಸಮಯ ಎಷ್ಟಿದೆ, ಎಷ್ಟು ಶೇಕಡ ಬ್ಯುಸಿ ಇದೆ ನೋಡಿ. ಡಿಸ್ಕ್ 100ರ ಹತ್ರ ಇದ್ದು ಪ್ರೊಸೆಸರ್ ಖಾಲಿ ಕೂತಿದ್ರೆ ನಿಮ್ಮ ಕಷ್ಟ ಡಿಸ್ಕ್. ಉಲ್ಟಾ ಇದ್ರೆ ಪ್ರೊಸೆಸರ್. ಇನ್ನೊಂದು, ಟೆಸೆರಾಕ್ಟ್ ಒಂದು ಪುಟಕ್ಕೆ ತಾನೇ ನಾಲ್ಕು ಥ್ರೆಡ್ ತನಕ ಹುಟ್ಟಿಸುತ್ತೆ, ಅದರಿಂದ ಲಾಭಕ್ಕಿಂತ ಗಲಾಟೆ ಜಾಸ್ತಿ. ಓಎಂಪಿ ಥ್ರೆಡ್ ಲಿಮಿಟ್ ಅನ್ನೋ ಎನ್ವಿರಾನ್‌ಮೆಂಟ್ ವೇರಿಯೆಬಲ್‌ನ 1 ಮಾಡಿ, ಕೋರ್ ಎಷ್ಟಿವೆಯೋ ಅಷ್ಟು ಪುಟ ಬೇರೆ ಬೇರೆ ಪ್ರೊಸೆಸ್ ಆಗಿ ಓಡಿಸಿ. ಇಷ್ಟರಿಂದಲೇ ಸಮಯ ಎದ್ದು ಕಾಣೋಷ್ಟು ಕಡಿಮೆ ಆಗಬಹುದು.

ಮಡಗಾಂವ್_ಮಳೆ:

ನಾನು ಕುಮಟಾ ಕಡೆಯವನು, ಈಗ ಮಡಗಾಂವ್‌ನಲ್ಲಿ ಇರುದು. ಇಲ್ಲಿಯವರೆಗೆ ಎಲ್ಲರೂ ವೇಗದ ಬಗ್ಗೆ ಹೇಳಿದ್ರು, ನಾನು ಉಳಿಸಿಕೊಳ್ಳುದರ ಬಗ್ಗೆ ಹೇಳ್ತೆ, ಯಾಕಂದ್ರೆ ಪುಸ್ತಕದ ಕೆಲಸದಲ್ಲಿ ಅದೇ ದೊಡ್ಡದು ಅಂತ ನನಗೆ ಕಾಣ್ತದೆ.

ಕರಾವಳಿ ಹವೆಯಲ್ಲಿ ಡಿಸ್ಕ್ ಹಾಳಾಗುದು ಬರೀ ಒಳಗಿಂದ ಅಲ್ಲ. ಹಾರ್ಡ್ ಡಿಸ್ಕ್‌ನ ಕೆಳಗಿನ ಸರ್ಕ್ಯೂಟ್ ಬೋರ್ಡಿಗೂ ಒಳಗಿನ ಮೋಟಾರ್, ಹೆಡ್‌ಗೂ ಸಂಪರ್ಕ ಇರುದು ಸಣ್ಣ ಸಣ್ಣ ಲೋಹದ ಪ್ಯಾಡ್‌ಗಳಲ್ಲಿ, ಉಪ್ಪು ತೇವ ತಾಗಿ ಅದು ಕಪ್ಪಾಗ್ತದೆ, ಆಮೇಲೆ ಡಿಸ್ಕ್ ಒಮ್ಮೆ ಕಾಣ್ತದೆ ಒಮ್ಮೆ ಕಾಣುದಿಲ್ಲ. ದಿನಾ ಓಡುವ ಡಿಸ್ಕ್‌ಗೆ ಅದರ ಬಿಸಿಯೇ ಸ್ವಲ್ಪ ರಕ್ಷಣೆ. ಕಪಾಟಿನಲ್ಲಿ ಇಡುವ ಬ್ಯಾಕಪ್ ಡಿಸ್ಕ್‌ನ್ನು ಗಾಳಿ ಆಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ಮಳೆಗಾಲದಲ್ಲಿ ಜೆಲ್ ಬದಲಿಸ್ತಾ ಇರಿ. ದೊಡ್ಡ ಸೈಜಿನ ಹೀಲಿಯಂ ಡಿಸ್ಕ್‌ಗಳು ಪೂರ್ತಿ ಸೀಲ್ ಆಗಿರ್ತವೆ, ಹೊರಗಿನ ಗಾಳಿ ಒಳಗೆ ಹೋಗುದೇ ಇಲ್ಲ, ನಮ್ಮ ಹವೆಗೆ ಅದು ಒಳ್ಳೆಯದು, ಆದ್ರೆ ಹೊರಗಿನ ಬೋರ್ಡ್ ತೆರೆದೇ ಇರ್ತದೆ ಅನ್ನುದು ನೆನಪಿರಲಿ.

ಎಸ್‌ಎಸ್‌ಡಿಯಲ್ಲಿ ತುಂಬಿಸಿ ಕಪಾಟಿನಲ್ಲಿ ಇಟ್ಟು ಮರೆಯುದು ಮಾತ್ರ ಬೇಡ. ಜೆಡೆಕ್ ಸಂಸ್ಥೆಯ ಮಾನದಂಡದಲ್ಲಿ, ಬರೆಯುವ ಆಯುಷ್ಯ ಪೂರ್ತಿ ಮುಗಿದ ಸಾಮಾನ್ಯ ಎಸ್‌ಎಸ್‌ಡಿ ಕರೆಂಟ್ ಇಲ್ಲದೆ 30 ಡಿಗ್ರಿಯಲ್ಲಿ 1 ವರ್ಷ ಡೇಟಾ ಹಿಡಿದಿಡ್ಬೇಕು, ಎಂಟರ್‌ಪ್ರೈಸ್ ಎಸ್‌ಎಸ್‌ಡಿಗೆ 40 ಡಿಗ್ರಿಯಲ್ಲಿ 3 ತಿಂಗಳು. ಹೊಸದರಲ್ಲಿ ಇದಕ್ಕಿಂತ ಹೆಚ್ಚು ಇರ್ತದೆ ಸರಿ, ಆದ್ರೂ ಅದು ಕೆಲಸದ ಜಾಗ, ಭಂಡಾರ ಅಲ್ಲ.

ಕರೆಂಟ್ ಬಗ್ಗೆ. ಮೇ ತಿಂಗಳಲ್ಲಿ ಮೊದಲ ಗುಡುಗು ಶುರುವಾದಾಗ ನಮ್ಮಲ್ಲಿ ಕರೆಂಟ್ ಹೋಗಿ ಬಂದು ಮಾಡ್ತಾ ಇರ್ತದೆ, ಡೊಂಬಿವಲಿಯಲ್ಲೂ ಆ ಹೊತ್ತಿಗೆ ಅಷ್ಟು ಬೇರೆ ಇರ್ಲಿಕ್ಕಿಲ್ಲ. ಯುಪಿಎಸ್ ಬೇಕೇ ಬೇಕು, ಶುದ್ಧ ಸೈನ್ ವೇವ್ ಇರುದು ತಗೊಳ್ಳಿ, ಆ್ಯಕ್ಟಿವ್ ಪಿಎಫ್‌ಸಿ (ಕರೆಂಟ್ ಎಳೆಯುದನ್ನು ಸರಿಪಡಿಸುವ ಸರ್ಕ್ಯೂಟ್) ಇರುವ ಪವರ್ ಸಪ್ಲೈಗಳಲ್ಲಿ ಕೆಲವು ಅಗ್ಗದ ಯುಪಿಎಸ್‌ನ ಚೌಕ ಅಲೆಗೆ ಅಲ್ಲೇ ಆಫ್ ಆಗ್ತವೆ. ಎರಡು ಪ್ರೊಸೆಸರ್ ಲೋಡ್‌ನಲ್ಲಿ ಇದ್ರೆ ಸಾದಾ 600 ವಿಎ ಯುಪಿಎಸ್ ಹಿಡಿಯುದಿಲ್ಲ. ಅರ್ತಿಂಗ್ ಒಮ್ಮೆ ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ. ಹಳೇ ಎಂಟರ್‌ಪ್ರೈಸ್ ಎಸ್‌ಎಸ್‌ಡಿಗಳಲ್ಲಿ ಕರೆಂಟ್ ಹೋದಾಗ ಕ್ಯಾಶ್‌ನಲ್ಲಿ ಇದ್ದದ್ದನ್ನು ಬರೆದು ಮುಗಿಸುವಷ್ಟು ಕೆಪಾಸಿಟರ್ ಇರ್ತದೆ, ಇಂಟೆಲ್ ಡಿಸಿ ಎಸ್3500, ಎಸ್3700 ಥರದ್ದು ಸಿಕ್ಕಿದ್ರೆ ಸಿಸ್ಟಮ್ ಡಿಸ್ಕ್ ಮಾಡ್ಲಿಕ್ಕೆ ಚಂದ.

ರೇಡ್ ಮಿರರ್ ಬ್ಯಾಕಪ್ ಅಲ್ಲ. ತಪ್ಪಿ ಒಂದು ಫೋಲ್ಡರ್ ಅಳಿಸಿದ್ರೆ ಎರಡೂ ಡಿಸ್ಕ್‌ನಲ್ಲಿ ಅಳಿಸಿ ಹೋಗ್ತದೆ. ಮೂರನೇ ಪ್ರತಿ ಬೇರೆ ಮನೆಯಲ್ಲಿ, ಸಾಧ್ಯ ಆದ್ರೆ ಬೇರೆ ಊರಲ್ಲಿ ಇಡಿ. ಬೇಕಾದ್ರೆ ಒಂದು ಪ್ರತಿ ನನ್ನಲ್ಲಿ ಇಟ್ಟುಕೊಳ್ತೆ, ಕೊಂಕಣ ರೈಲಿನಲ್ಲಿ ಯಾರಾದ್ರೂ ಬರುವಾಗ ಕಳಿಸಿ. ಪ್ರತಿ ಪುಸ್ತಕದ ಫೋಲ್ಡರ್ ಜೊತೆ ಚೆಕ್‌ಸಮ್ (ಪ್ರತಿ ಪುಟದ ಗುರುತಿನ ಸಂಖ್ಯೆ) ಫೈಲ್ ಇಟ್ಟರೆ ಯಾವ ಪುಟ ಕೆಟ್ಟಿದೆ ಅಂತ ವರ್ಷಕ್ಕೊಮ್ಮೆ ನೋಡ್ಬಹುದು.

ಡೊಂಬಿವಲಿ_ಪುಸ್ತಕ:

ಮಾರಾಯ್ರೆ, ಇಷ್ಟು ವಿವರವಾಗಿ ಬರೀತಾರೆ ಅಂತ ಎಣಿಸಿರ್ಲಿಲ್ಲ. ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಐರೋಲಿ ಸರ್ ಹೇಳಿದ ಹಾಗೆ ಐ5ನಲ್ಲೇ ಲಿನಕ್ಸ್ ಹಾಕಿ ಅಳೆದೆ. ಥ್ರೆಡ್ ಲಿಮಿಟ್ 1 ಮಾಡಿ ನಾಲ್ಕು ಪುಟ ಒಟ್ಟಿಗೆ ಬಿಟ್ಟಾಗ ಮೊದಲಿಗಿಂತ ಚೆನ್ನಾಗಿ ಓಡ್ತದೆ, ಡಿಸ್ಕ್ ಹೆಚ್ಚಿನ ಹೊತ್ತು ಸುಮ್ಮನೆ ಇರ್ತದೆ, ಪ್ರೊಸೆಸರ್ ಮಾತ್ರ ಫುಲ್. ಹಾಗಾದ್ರೆ ಓಸಿಆರ್‌ನಲ್ಲಿ ನನ್ನ ಕಷ್ಟ ಪ್ರೊಸೆಸರಿಂದೇ. ಆದ್ರೆ ಪುಟ ನೇರ ಮಾಡುವ ಹಂತದಲ್ಲಿ, ಓದುದೂ ಬರೆಯುದೂ ಒಂದೇ ಡಿಸ್ಕ್‌ಗೆ ಆಗುವಾಗ, ಡಿಸ್ಕ್ 100ಕ್ಕೆ ಹೋಗಿ ಕೂರ್ತದೆ, ಕಾಯುವ ಸಮಯ ತುಂಬಾ ಏರ್ತದೆ. ಇಡೀ ರಾತ್ರಿ ಹೋಗುದರಲ್ಲಿ ಅರ್ಧ ಪಾಲು ಆ ಹಂತದ್ದೇ ಅಂತ ಈಗ ಕಾಣ್ತದೆ, ನಾನು ಎಲ್ಲ ಓಸಿಆರ್ ಅಂತಲೇ ಲೆಕ್ಕ ಹಾಕ್ತಿದ್ದೆ.

ಸಂಘದಲ್ಲಿ ಮಾತಾಡಿ ಹೀಗೆ ಮಾಡುವ ಅಂತ ಆಗಿದೆ. ರೈಝನ್ ವಿಷಯವೂ ಎತ್ತಿದೆ, ಆದ್ರೆ ಸಂಘದ ಒಬ್ಬ ಹಿರಿಯರ ಪರಿಚಯದಲ್ಲಿ ಲೀಸ್ ಮುಗಿದ ಡ್ಯುಯಲ್ ಸಾಕೆಟ್ ವರ್ಕ್‌ಸ್ಟೇಷನ್ ಸಿಗ್ತದಂತೆ, ಇ5 ವಿ4 ಎರಡು, ರ‍್ಯಾಮ್ ಸಮೇತ. ಅದನ್ನೇ ತಗೊಳ್ಳುದು. 15,000ದ ಡಿಸ್ಕ್ ಬೇಡ ಅಂತ ಲ್ಯಾಮಿಂಗ್ಟನ್ ರೋಡ್‌ನವರಿಗೆ ಹೇಳಿಬಿಟ್ಟೆ. 1 ಟಿಬಿ ಎನ್‌ವಿಎಂಇ ಒಂದು, ಸಿಎಂಆರ್ ಡಿಸ್ಕ್ ಮೂರು, ಎರಡು ಮಿರರ್, ಮೂರನೆಯದ್ದು ಮಡಗಾಂವ್ ಅಣ್ಣನಿಗೆ. ಅಣ್ಣ, ನೀವು ಮನಸ್ಸಿಟ್ಟು ಹೇಳಿದ್ರಿ, ಖಂಡಿತ ಕಳಿಸ್ತೇನೆ.

ಕೊನೆಗೆ ಒಂದೇ ಕೇಳ್ಲಿಕ್ಕೆ. ಆ ಮೆಷಿನ್‌ನಲ್ಲಿ ಎಂ.2 (ಎನ್‌ವಿಎಂಇ ನೇರ ಕೂರುವ) ಸ್ಲಾಟ್ ಇಲ್ವಂತೆ, ಪಿಸಿಐಇ ಅಡಾಪ್ಟರ್‌ನಲ್ಲಿ ಹಾಕ್ಬೇಕಂತೆ. ಯಾವ ಸ್ಲಾಟ್ ಆದ್ರೂ ಆಗ್ತದಾ?

ಐರೋಲಿ_ರ‍್ಯಾಕ್:

ಆಗುತ್ತೆ, ಆದರೆ ಆರಿಸಿ ಹಾಕಿ. ಪ್ರತಿ ಸ್ಲಾಟೂ ಯಾವುದಾದ್ರೂ ಒಂದು ಪ್ರೊಸೆಸರಿಗೆ ಅಥವಾ ಚಿಪ್‌ಸೆಟ್‌ಗೆ ಸೇರಿರುತ್ತೆ, ಬೋರ್ಡ್ ಮೇಲೋ ಮ್ಯಾನುಯಲ್‌ನಲ್ಲೋ ಬರೆದಿರ್ತಾರೆ. ಚಿಪ್‌ಸೆಟ್‌ನ ಸ್ಲಾಟ್ ಬಿಡಿ, ಅದು ಪಿಸಿಐಇ 2.0, ಮತ್ತೆ ಸಾಟಾ ಡಿಸ್ಕ್‌ಗಳ ಜೊತೆ ದಾರಿ ಹಂಚಿಕೊಳ್ಳುತ್ತೆ. ಪ್ರೊಸೆಸರಿಗೆ ನೇರ ಸೇರಿದ, ಕಡಿಮೆ ಅಂದ್ರೆ ನಾಲ್ಕು ಲೇನ್ ಇರೋ 3.0 ಸ್ಲಾಟ್‌ಗೆ ಹಾಕಿ. ಪುಟ ನೇರ ಮಾಡೋ ಹಂತ ಡಿಸ್ಕ್ ಮೇಲೆ ಭಾರ ಹಾಕೋದ್ರಿಂದ ಅದನ್ನ ಎನ್‌ವಿಎಂಇ ಇರೋ ಕಡೆಯ ಪ್ರೊಸೆಸರಿಗೇ ಕಟ್ಟಿಹಾಕಿ, ನೂಮಾಸಿಟಿಎಲ್ ಅನ್ನೋ ಕಮಾಂಡ್‌ನಲ್ಲಿ ಸಿಪಿಯು ನೋಡ್ ಮತ್ತು ಮೆಮರಿ ನೋಡ್ ಎರಡೂ ಒಂದೇ ಕೊಡಿ. ಆಗಲೇ ಇನ್ನೊಂದು ಪ್ರೊಸೆಸರ್ ಹಿಂದಿನ ಪುಸ್ತಕದ ಓಸಿಆರ್ ಮಾಡ್ಲಿ, ಅದರ ಪುಟಗಳನ್ನ ಆ ಕಡೆಯ ರ‍್ಯಾಮ್‌ನ ಟೆಂಪ್‌ಎಫ್‌ಎಸ್‌ನಲ್ಲಿ ಇಟ್ರೆ ಇಬ್ಬರೂ ಒಬ್ಬರಿಗೊಬ್ಬರು ಅಡ್ಡ ಬರಲ್ಲ.

ಎನ್‌ವಿಎಂಇಯಿಂದ ಬೂಟ್ ಆಗುತ್ತಾ ಅನ್ನೋದು ಬಯೋಸ್ ಮೇಲೆ ಹೋಗುತ್ತೆ, ಮೊದಲು ಬಯೋಸ್ ಅಪ್‌ಡೇಟ್ ಮಾಡಿ. ಆಗದಿದ್ರೆ ಸಣ್ಣ ಸಾಟಾ ಎಸ್‌ಎಸ್‌ಡಿಯಲ್ಲಿ ಲಿನಕ್ಸ್ ಹಾಕಿ ಎನ್‌ವಿಎಂಇಯನ್ನ ಬರೀ ಕೆಲಸಕ್ಕೆ ಇಟ್ಕೊಳ್ಳಿ, ಏನೂ ನಷ್ಟ ಇಲ್ಲ. ಅಡಾಪ್ಟರ್ ಮೇಲೆ ಹೀಟ್‌ಸಿಂಕ್ ಇರಲಿ. ಮೆಷಿನ್ ಮನೆಗೆ ಬಂದ ಮೇಲೆ ಮಾಡೆಲ್ ನಂಬರ್ ಇಲ್ಲಿ ಹಾಕಿ, ಮ್ಯಾನುಯಲ್ ನೋಡಿ ಯಾವ ಸ್ಲಾಟ್ ಅಂತ ಹೇಳ್ತೀನಿ.